ಚಳಿ ಮೇಷ್ಟ್ರ ಕುರ್ಚಿ

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಅವರ ಅಂಗಡಿಯಲ್ಲಿ ‘ಚಳಿ ಮೇಷ್ಟ್ರು’ ಎಂದೇ ಹೆಸರು. ಟೆಂಟು, ಬೆನ್ನುಚೀಲ, ಸ್ಲೀಪಿಂಗ್ ಬ್ಯಾಗು ಮಾರುವ ಅಂಗಡಿ ಅದು. ಬೆಟ್ಟದ ಮೇಲೆ ಬಯಲಲ್ಲಿ ರಾತ್ರಿ ಕಳೆಯುವವರು ಬೆಚ್ಚಗಿರುವುದು ಹೇಗೆ ಎಂದು ಭಾವ ಅಲ್ಲಿ ನಿಂತು ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿದ್ದಾರೆ. ಒದ್ದೆ ಕಾಲುಚೀಲ ಹಾಕಿಕೊಂಡು ಮಲಗಬೇಡಿ. ಮಲಗುವ ಮೊದಲು ಹೊಟ್ಟೆಗೆ ಏನಾದರೂ ಹಾಕಿ. ಬೆನ್ನಿನ ಕೆಳಗೆ ದಪ್ಪ ಚಾಪೆ ಇರಲಿ. ಬ್ಯಾಗಿನೊಳಗೆ ಮುಖ ಹುದುಗಿಸಿ ಉಸಿರಾಡಬೇಡಿ, ಒಳಗೆಲ್ಲ ಒದ್ದೆಯಾಗುತ್ತದೆ. ಇದೆಲ್ಲ ಸರಿಯಾದ ಮಾತೇ. ಒಂದೇ ಕೊರತೆಯೆಂದರೆ ಭಾವ ಹುಟ್ಟಿದಾಗಿನಿಂದ ಒಂದು ರಾತ್ರಿಯೂ ಬಯಲಲ್ಲಿ ಮಲಗಿದವರಲ್ಲ. ಮನೆಯೊಳಗೂ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೆ ಟವೆಲ್ ತುರುಕಿ, ಅಕ್ಕ ಹೊಲಿದ ರಜಾಯಿಯನ್ನು ಕಿವಿಯವರೆಗೆ ಎಳೆದುಕೊಂಡ ಮೇಲೇ ಅವರಿಗೆ ನಿದ್ದೆ.

ಪಾಠಕ್ಕಿಂತಲೂ ಹೆಸರುವಾಸಿಯಾದದ್ದು ಅವರ ಕೈಚಳಕ. ಕೌಂಟರಿನ ಮೇಲೆ ನೀಲಿ ಸ್ಲೀಪಿಂಗ್ ಬ್ಯಾಗೊಂದು ಸದಾ ಇರುತ್ತದೆ. ಗಿರಾಕಿ ಬಂದ ಕೂಡಲೇ ಭಾವ ಅದನ್ನು ಉದ್ದಕ್ಕೆ ಹಾಸಿ, ಮೊಣಕಾಲೂರಿ ಹಿಂಡಿ, ಪುಟ್ಟ ಚೀಲದೊಳಗೆ ತುರುಕಿ, ದಾರ ಬಿಗಿದು, ತೆಂಗಿನಕಾಯಿ ಗಾತ್ರಕ್ಕೆ ಇಳಿಸಿ ಅವರ ಕೈಗಿಡುತ್ತಾರೆ. ಗಿರಾಕಿ ಬೆರಗಾಗಿ ಕೊಂಡುಬಿಡುತ್ತಾನೆ. ಮನೆಯಲ್ಲೂ ಹೀಗೇ ಬಿಗಿದಿಡಿ, ಜಾಗ ಉಳಿಯುತ್ತದೆ ಎಂಬ ಉಪದೇಶ ಪುಕ್ಕಟೆ. ದಿನಕ್ಕೆ ಹತ್ತು ಸಲದಂತೆ ಹನ್ನೊಂದು ವರ್ಷ. ಆ ಬ್ಯಾಗಿಗೆ ಬಾಯಿ ಇದ್ದಿದ್ದರೆ ಯಾವತ್ತೋ ಪೊಲೀಸರಿಗೆ ದೂರು ಕೊಡುತ್ತಿತ್ತು.

ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರಜಾಯಿ, ದಿಂಬು ಹೊಲಿದು ಕೊಡುತ್ತಾಳೆ. ಹೊಲಿದದ್ದನ್ನು ಮಡಿಸಿ ಒತ್ತುವುದಿಲ್ಲ, ಹಗ್ಗದ ಮೇಲೆ ಸಡಿಲವಾಗಿ ಹರವುತ್ತಾಳೆ. ಗಂಡನಿಗೆ ಒಮ್ಮೆ ಮೆಲ್ಲಗೆ ಹೇಳಿದ್ದಳು. “ಬಿಸಿ ಹಿಡಿಯೋದು ಒಳಗಿರೋ ಗಾಳಿ ಕಣ್ರೀ. ಅದನ್ನ ಹಿಂಡಿ ಹಿಂಡಿ ತೆಗೆದುಬಿಟ್ರೆ ಉಳಿಯೋದು ಬರೀ ಬಟ್ಟೆ.” ಭಾವ ಮೂಗು ಮುರಿದು, ಹತ್ತಿ ಹಿಂಜುವವರಿಗೆ ಇಂಥ ಹೊಸ ಕಾಲದ ಸಾಮಾನು ಅರ್ಥವಾಗುವುದಿಲ್ಲ ಎಂದರು. ಪಕ್ಕದಲ್ಲೇ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ಅಕ್ಕ ಸೂಜಿಗೆ ದಾರ ಪೋಣಿಸಿ ಹೊಲಿಗೆ ಮುಂದುವರಿಸಿದಳು.

ಹೀಗಿರುವಾಗ ಅಂಗಡಿಯಲ್ಲಿ ಭಾವ ಕೆಲಸ ಮಾಡುವ ಮಹಡಿಯ ಮುಖ್ಯಸ್ಥರು ನಿವೃತ್ತರಾದರು. ಆ ಹುದ್ದೆಗೆ ಒಂದು ಮೇಜು, ಬೆನ್ನಿಗೆ ಮೆತ್ತೆ ಇರುವ ಒಂದು ಕುರ್ಚಿ. ಯಜಮಾನರು ಭಾವನನ್ನು ಕರೆದು, ಖಾಯಂ ಗಿರಾಕಿಗಳನ್ನು ಒಂದು ರಾತ್ರಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ, ಅವರು ಖುಷಿಯಾಗಿ ಇಳಿದು ಬಂದರೆ ಕುರ್ಚಿ ನಿಮ್ಮದು ಎಂದರು. ಇಲ್ಲದಿದ್ದರೆ ಕ್ಯಾಶ್ ಕೌಂಟರಿನ ಹೆಂಗಸಿಗೆ. ಆ ಕುರ್ಚಿ ಭಾವನಿಗೆ ಎಷ್ಟು ಬೇಕಾಗಿತ್ತೆಂದು ನಾನು ಬಲ್ಲೆ. ನಿಂತೂ ನಿಂತೂ ಅವರ ಮೀನಖಂಡದಲ್ಲಿ ನರಗಳು ಹಗ್ಗದಂತೆ ಉಬ್ಬಿವೆ. ರಾತ್ರಿ ಅಕ್ಕ ಎಣ್ಣೆ ಹಚ್ಚಿ ನೀವದಿದ್ದರೆ ಬೆಳಿಗ್ಗೆ ಮೆಟ್ಟಿಲು ಇಳಿಯಲಾರರು. ಈ ವಿಷಯದಲ್ಲಿ ಮಾತ್ರ ನಾನು ಅವರನ್ನು ನೋಡಿ ನಗುವುದಿಲ್ಲ.

ನನ್ನದು ಬಾಡಿಗೆ ವ್ಯಾನು, ಬೆಟ್ಟಕ್ಕೆ ಅದರಲ್ಲೇ ಹೋಗುವುದೆಂದಾಯಿತು. ಶನಿವಾರ ಹೊರಡುವ ಹೊತ್ತಿಗೆ ಅಕ್ಕ ಎರಡು ದಪ್ಪ ರಜಾಯಿ ತಂದು ಹಿಂದಿನ ಸೀಟಿನ ಮೇಲೆ ಹಾಕಿದಳು. ಭಾವ ಕೆಂಡವಾದರು.

“ಯಾರಾದ್ರೂ ನೋಡಿದ್ರೆ ನನ್ನ ಮಾನ ಏನಾಗಬೇಕು?”

“ನಿಮಗಲ್ಲ. ನನ್ನ ತಮ್ಮ ಗಾಡೀಲೇ ಮಲಗ್ತಾನೆ, ಅವನಿಗೆ.”

“ಒಬ್ಬನಿಗೆ ಎರಡು ಯಾಕೆ?”

“ಅವನಿಗೆ ಚಳಿ ಜಾಸ್ತಿ,” ಎಂದು ಅಕ್ಕ ಒಳಗೆ ಹೋದಳು. ನನಗೆ ಚಳಿ ಜಾಸ್ತಿ ಎಂದು ನನಗೇ ಗೊತ್ತಿರಲಿಲ್ಲ.

ಗಿರಾಕಿಗಳು ಮೂವರು: ಒಬ್ಬ ನಿವೃತ್ತ ಪೋಸ್ಟ್ ಮಾಸ್ಟರು, ಒಬ್ಬ ದಂತವೈದ್ಯೆ, ಆಕೆಯ ಗಂಡ. ಬೆಟ್ಟದ ಮೇಲೆ ಟೆಂಟು ಎದ್ದವು, ಬಿಸಿ ಸೂಪು ಹೊಟ್ಟೆಗೆ ಬಿತ್ತು, ಭಾವನ ಪಾಠ ಶುರುವಾಯಿತು. ಆಮೇಲೆ ಎಲ್ಲರೂ ತಂತಮ್ಮ ಪುಟ್ಟ ಚೀಲದ ದಾರ ಬಿಚ್ಚಿದರು. ಗುರುವಿನ ಮಾತು ಮೀರದ ಶಿಷ್ಯರು. ಕೊಂಡ ದಿನದಿಂದ ಮೂರು ವರ್ಷ ಬ್ಯಾಗುಗಳನ್ನು ಹಾಗೇ ಬಿಗಿದಿಟ್ಟಿದ್ದರು. ಹೊರಬಂದದ್ದು ಬೆಡ್‌ಶೀಟಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಹೊತ್ತು ಹೋದಂತೆ ಉಬ್ಬುತ್ತದೆ ಎಂದರು ಭಾವ. ಅವರು ಅಭಿಮಾನದಿಂದ ತಂದಿದ್ದ ಕೌಂಟರಿನ ನೀಲಿ ಬ್ಯಾಗಿನಲ್ಲಿ ಉಬ್ಬುವುದಕ್ಕೆ ಏನೂ ಉಳಿದಿರಲಿಲ್ಲ.

ಹನ್ನೆರಡು ಗಂಟೆಯ ಹೊತ್ತಿಗೆ ವ್ಯಾನಿನ ಗಾಜು ತಟ್ಟಿದ ಸದ್ದು. ಭಾವ ನಿಂತಿದ್ದರು. ನಿನಗೆ ಚಳಿಯಾಗುತ್ತಿದೆಯೇನೋ ಎಂದು ನೋಡಲು ಬಂದೆ ಎಂದರು. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಇಷ್ಟು ಹೇಳುವುದಕ್ಕೇ ಬಹಳ ಹೊತ್ತು ಹಿಡಿಯಿತು. ನಾನು ಬಾಗಿಲು ತೆಗೆದೆ. ನೇರ ಹಿಂದಿನ ಸೀಟಿಗೆ ಹೋಗಿ, ಅಕ್ಕನ ರಜಾಯಿಯೊಳಗೆ ನುಗ್ಗಿದರು.

ಹತ್ತು ನಿಮಿಷ ಕಳೆದಿಲ್ಲ, ಮತ್ತೆ ತಟ್ಟಿದ ಸದ್ದು. ಭಾವ ರಜಾಯಿಯನ್ನು ತಲೆಯ ಮೇಲೆಳೆದುಕೊಂಡು ಉಸಿರು ಬಿಗಿಹಿಡಿದರು. ಬಂದವರು ಪೋಸ್ಟ್ ಮಾಸ್ಟರು. ಗಂಟೆ ಎಷ್ಟೆಂದು ಕೇಳಿದರು. ಅವರ ಕೈಯಲ್ಲೇ ಗಡಿಯಾರವಿತ್ತು. ಅವರನ್ನು ಹತ್ತಿಸಿಕೊಂಡು, ನಾನು ಹೊದ್ದಿದ್ದ ರಜಾಯಿ ಕೊಟ್ಟು ನಡುವಿನ ಸೀಟಿನಲ್ಲಿ ಕೂರಿಸಿದೆ. ಅವರ ಹಿಂದೆಯೇ ಗಂಡ ಹೆಂಡತಿ ಬಂದು ಅದೇ ರಜಾಯಿಯ ಎರಡು ತುದಿ ಹಿಡಿದರು. ಮೇಷ್ಟ್ರಿಗೆ ಮಾತ್ರ ಹೇಳಬಾರದು ಎಂದು ಮೂವರೂ ನನ್ನಿಂದ ಮಾತು ತೆಗೆದುಕೊಂಡರು. ಹಿಂದೆ ಏನದು ಗುಡ್ಡೆ ಎಂದು ಪೋಸ್ಟ್ ಮಾಸ್ಟರು ಕೇಳಿದರು. ಮೇಷ್ಟ್ರ ಸಾಮಾನು ಎಂದೆ.

ದಂತವೈದ್ಯೆ ಕೈ ಉಜ್ಜಿಕೊಳ್ಳುತ್ತಾ ಹೇಳಿದರು. “ಪಾಪ, ಅವರು ಎಲ್ಲ ಸರಿಯಾಗೇ ಹೇಳಿಕೊಟ್ಟಿದ್ರು. ನಾವೇ ಏನೋ ತಪ್ಪು ಮಾಡಿದೀವಿ.”

ಹಿಂದಿನ ಸೀಟಿನ ಗುಡ್ಡೆ ಒಮ್ಮೆ ಅಲುಗಾಡಿತು. ಎದ್ದು ಕೂತು ‘ತಪ್ಪು ನಿಮ್ಮದಲ್ಲ, ನನ್ನದು’ ಎನ್ನಲು ಒಂದು ಕ್ಷಣ ಸಾಕಿತ್ತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. ಗುಡ್ಡೆ ಗುಡ್ಡೆಯಾಗಿಯೇ ಉಳಿಯಿತು. ನಾನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು, ಒಂದು ಜಾಕೆಟ್ಟಿನಲ್ಲಿ ನಡುಗುತ್ತಾ ಬೆಳಗು ಮಾಡಿದೆ. ಚಳಿ ಜಾಸ್ತಿ ಎಂದು ಎರಡು ರಜಾಯಿ ಪಡೆದವನ ಪಾಲಿಗೆ ಒಂದೂ ಉಳಿಯಲಿಲ್ಲ.

ಬೆಳಕು ಹರಿಯುವ ಮೊದಲೇ, ಮೇಷ್ಟ್ರು ಏಳುವಷ್ಟರಲ್ಲಿ ಸೇರಿಕೊಳ್ಳಬೇಕೆಂದು, ಮೂವರೂ ಕಳ್ಳಹೆಜ್ಜೆ ಇಟ್ಟು ಟೆಂಟಿಗೆ ಮರಳಿದರು. ಅವರು ಮರೆಯಾದ ಮೇಲೆ ಭಾವನೂ ಮರಳಿದರು. ಎಂಟು ಗಂಟೆಗೆ ಯಜಮಾನರು ತಮ್ಮ ಕಾರಿನಲ್ಲಿ ಬಂದು ನಿದ್ದೆ ಹೇಗಿತ್ತೆಂದು ವಿಚಾರಿಸಿದರು. ಪೋಸ್ಟ್ ಮಾಸ್ಟರು ಬೆವರಿಬಿಟ್ಟೆ ಎಂದರು. ದಂತವೈದ್ಯೆಯ ಗಂಡ, ಮನೆಯಲ್ಲೂ ಇಷ್ಟು ಬೆಚ್ಚಗೆ ಮಲಗಿರಲಿಲ್ಲ ಎಂದ. ಪಕ್ಕದವರು ಸುಳ್ಳು ಹೇಳುತ್ತಿದ್ದಾರೆಂದು ಮೂವರಿಗೂ ಗೊತ್ತಿತ್ತು. ಆದರೂ ಒಬ್ಬರ ಮುಖದಲ್ಲೂ ಅಳುಕಿಲ್ಲ. ಭಾವ ಎದೆಯುಬ್ಬಿಸಿ ನಿಂತು ಎಲ್ಲವನ್ನೂ ಸ್ವೀಕರಿಸಿದರು.

ಸೋಮವಾರ ಕುರ್ಚಿ ಸಿಕ್ಕಿತು. ಜೊತೆಗೆ ಯಜಮಾನರ ಮೊದಲ ಆಜ್ಞೆಯೂ ಬಂತು: ಗಿರಾಕಿಗಳು ಇಷ್ಟೊಂದು ಹೊಗಳಿದ್ದರಿಂದ ಚಳಿಗಾಲ ಮುಗಿಯುವವರೆಗೆ ಪ್ರತಿ ಶನಿವಾರ ರಾತ್ರಿ ಒಂದೊಂದು ತಂಡ ಬೆಟ್ಟಕ್ಕೆ, ಮುಂದಾಳು ಚಳಿ ಮೇಷ್ಟ್ರೇ.

ಸಂಜೆ ಭಾವ ಅಕ್ಕನ ಯಂತ್ರದ ಮುಂದೆ ಬಂದು ಕೂತಾಗ ನಾನೂ ಅಲ್ಲೇ ಇದ್ದೆ. ರಾತ್ರಿಯ ಕಥೆಯನ್ನು ಅಕ್ಕನಿಗೆ ನಾನು ಆಗಲೇ ಹೇಳಿಯಾಗಿತ್ತು. ಭಾವ ಗಂಟಲು ಸರಿಮಾಡಿಕೊಂಡರು.

“ನನಗೊಂದು ರಜಾಯಿ ದಪ್ಪಗೆ ಹೊಲಿದುಕೊಡ್ತೀಯಾ? ನೀಲಿ ಬಟ್ಟೇಲಿ. ನೋಡೋಕೆ ಬ್ಯಾಗಿನ ಥರಾನೇ ಇರಲಿ.”

“ಹೊಲಿತೀನಿ,” ಎಂದಳು ಅಕ್ಕ. “ಮೊದಲು ಆ ಮೂವರ ಮನೆಗೆ ಹೋಗಿ, ಬ್ಯಾಗು ಬಿಗಿದಿಡಬೇಡಿ, ತಪ್ಪು ನಂದು ಅಂತ ಹೇಳಿಬನ್ನಿ.”

“ಹೇಳಿದ್ರೆ ಕುರ್ಚಿ ಹೋಗುತ್ತಲ್ಲ.”

ಅಕ್ಕ ಯಂತ್ರ ನಿಲ್ಲಿಸಿದಳು. “ಹಾಗಾದ್ರೆ ಶನಿವಾರ ಕುರ್ಚೀನೇ ಹೊದ್ದುಕೊಳ್ಳಿ.”

ಶನಿವಾರಕ್ಕೆ ಇನ್ನು ಎರಡು ದಿನವಿದೆ. ಭಾವ ಆ ಮೂರು ಜನರ ಮನೆಯ ಕಡೆ ಇನ್ನೂ ತಲೆ ಹಾಕಿಲ್ಲ. ಗಾಡಿಗೆ ನನ್ನನ್ನೇ ಗೊತ್ತುಮಾಡಿದ್ದಾರೆ. ಬರುತ್ತೇನೆ, ಈ ಸಲ ಒಂದೇ ರಜಾಯಿ ತರುತ್ತೇನೆ, ಒಳಗಿನಿಂದ ಬಾಗಿಲು ಹಾಕಿಕೊಂಡು ಮಲಗುತ್ತೇನೆ ಎಂದು ಹೇಳಿ ಕಳಿಸಿದ್ದೇನೆ.