ಬಾಗಿಲು ಒಡೆಯುತ್ತಿದ್ದಾಗ ಬೆಂದ ಮುದ್ದೆ

ನಮ್ಮತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಹುಣಸೂರಿನ ನಮ್ಮ ಮನೆಯಲ್ಲಿ ಗಡಿಯಾರವೂ ಇರಲಿಲ್ಲ. ಐವತ್ತರ ದಶಕದಲ್ಲಿ ನಾನು ಸೊಸೆಯಾಗಿ ಬಂದ ಮೇಲೆ ಸಂಜೆ ಹೊತ್ತು ಸತ್ಯವೇದ, ಎಂದರೆ ಬೈಬಲ್, ಓದಿ ಹೇಳುವುದು ನನ್ನ ಕೆಲಸವಾಯಿತು. ಕೇಳಿ ಕೇಳಿ ಅತ್ತೆ, ಯೆಹೋವನು ನನಗೆ ಕುರುಬನು ಎಂದು ಶುರುವಾಗುವ ಕುರುಬನ ಕೀರ್ತನೆಯನ್ನು ಬಾಯಿಪಾಠ ಮಾಡಿಕೊಂಡರು. ಮಾಡಿಕೊಂಡವರು ಅದನ್ನು ಸೀದಾ ಒಲೆಯ ಮುಂದೆ ತಂದಿಟ್ಟರು. ಎಸರಿಗೆ ರಾಗಿ ಹಿಟ್ಟು ಸುರಿದ ಮೇಲೆ ಕೀರ್ತನೆ ಐದು ಸಲ ಹೇಳುವಷ್ಟು ಹೊತ್ತು ಬೇಯಬೇಕು, ಆಮೇಲೆ ಕೋಲು ಹಾಕಿ ತಿರುವಬೇಕು. ಅವಸರಪಟ್ಟು ಹೇಳಿದರೆ ಮುದ್ದೆ ಹಸಿ. ದೇವರ ವಾಕ್ಯವನ್ನು ಹೀಗೆ ಹಿಟ್ಟಿನ ಜೊತೆ ಬೇಯಿಸುವುದೇ ಎಂದು ನಾನು ಒಳಗೊಳಗೇ ಸಿಡುಕುತ್ತಿದ್ದೆ.

ಅತ್ತೆಯ ಒಬ್ಬಳೇ ಮಗಳನ್ನು, ಎಂದರೆ ನನ್ನ ನಾದಿನಿಯನ್ನು, ಕಂಪಲಾಪುರಕ್ಕೆ ಕೊಟ್ಟಿತ್ತು. ಗಂಡ ಹೊಡೆಯುತ್ತಿದ್ದ. ಮೊದಲ ಸಲ ಓಡಿಬಂದಾಗ ಓಲೆ ಕಿತ್ತು ಕಿವಿ ಹರಿದಿತ್ತು. ಎರಡನೇ ಸಲ ಉಸಿರೆಳೆದರೆ ಪಕ್ಕೆ ಹಿಡಿದುಕೊಳ್ಳುತ್ತಿದ್ದಳು. ಎರಡು ಸಲವೂ ನಾವೇ ವಾಪಸ್ ಕಳಿಸಿದೆವು. ತಾಳ್ಮೆಯ ವಾಕ್ಯಗಳನ್ನು ಹುಡುಕಿ ಓದಿ ಕಳಿಸಿದವಳು ನಾನು.

ಮೂರನೇ ಸಲ ಅವಳು ಬೆಳಿಗ್ಗೆ ಬಂದಳು, ನಡೆದುಕೊಂಡೇ. ಅವನು ಹಿತ್ತಲಿನ ಕಲ್ಲಿಗೆ ಅವಳ ಮುಖ ಜಜ್ಜಿದ್ದ. ಮುಂದಿನ ಎರಡು ಹಲ್ಲು ಇರಲಿಲ್ಲ. ನೆತ್ತಿಯ ಮೇಲೆ ಅಂಗೈಯಗಲ ಕೂದಲು ಬೇರುಸಮೇತ ಕಿತ್ತುಬಂದಿತ್ತು. ಎಡಗೈ ಸೋರೆಕಾಯಿಯ ಹಾಗೆ ಊದಿತ್ತು. ನಾನು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ರಕ್ತ ಒರೆಸುತ್ತಿದ್ದಾಗ ಕೇಳಿದಳು:

"ಅತ್ಗೆ, ಈ ಸಲ ಯಾವ ವಾಕ್ಯ ಓದಿ ಕಳಿಸ್ತೀಯ?"

ನಾನು ಬಟ್ಟೆ ಹಿಂಡಿ ಮತ್ತೆ ಬಿಸಿನೀರಿಗೆ ಅದ್ದಿದೆ. ಅತ್ತೆ ಎಸರಿಟ್ಟರು.

ನನ್ನ ಗಂಡ ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದರು. ಮನೆಯಲ್ಲಿ ನಾವು ಮೂವರೇ ಹೆಂಗಸರು. ಅತ್ತೆ ಹಿಟ್ಟು ಸುರಿದು ಕೀರ್ತನೆಯನ್ನು ಮೂರನೇ ಸಲ ಹೇಳುತ್ತಿದ್ದರು, ಬೀದಿಯಲ್ಲಿ ಅವನ ದನಿ ಕೇಳಿತು. ಕಿಟಕಿಯಿಂದ ನೋಡಿದೆ. ಟವಲಿನಲ್ಲಿ ಸುತ್ತಿ ತಂದಿದ್ದ ಮಚ್ಚನ್ನು ಬಿಚ್ಚುತ್ತಿದ್ದ. ಓಡಿಹೋಗಿ ಅಗುಳಿ ಹಾಕಿದೆ.

"ಕಳಿಸ್ರೋ ಅವಳ್ನ! ಇಲ್ದಿದ್ರೆ ಇಲ್ಲೇ ಕಡಿದಾಕ್ತೀನಿ!"

ಮಚ್ಚು ಬಾಗಿಲಿಗೆ ಬಿತ್ತು. ನಾದಿನಿ ಒಲೆಯ ಮೂಲೆಯಲ್ಲಿ ಮುದುರಿ, ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಾನು ಅತ್ತೆಯ ತೋಳು ಹಿಡಿದು ಎಳೆದೆ.

"ಅತ್ತೆ, ಏಳಿ, ಹಿತ್ತಲಿಂದ ಓಡೋಣ."

"ಇತ್ಲಲ್ಲಿ ಆಳುದ್ದ ಗೋಡೆ ಐತೆ, ಎಲ್ಲಿಗೋಡೀಯ? ನೀನು ಒನಕೆ ತಗೊ. ನಾನು ಯೋಳ್ತಾ ಇರ್ತೀನಿ," ಎಂದರು ಅತ್ತೆ. ಎಂದವರು ಬಿಟ್ಟಲ್ಲಿಂದಲೇ ಮುಂದುವರಿಸಿದರು. ದಿನ ಹೇಳುವುದಕ್ಕಿಂತ ಒಂದು ಚೂರೂ ಬೇಗ ಇಲ್ಲ.

ಕತ್ತಲ ಕಣಿವೆಯಲ್ಲೂ ನೀನು ನನ್ನ ಜೊತೆ ಇದ್ದೀ ಎಂಬ ಮಾತಿಗೆ ಬಂದಾಗ ಬಾಗಿಲ ಹಲಗೆ ಸೀಳಿತು. ಆ ವಾಕ್ಯವನ್ನು ನೂರು ಸಲ ಓದಿದವಳು ನಾನು. ಕಣಿವೆ ಎಂದರೆ ನಮ್ಮದೇ ನಡುಮನೆ ಎಂದು ಆವತ್ತೇ ತಿಳಿದದ್ದು. ಜೊತೆಗೆ ಯಾರೋ ಇದ್ದಾರೆ ಎಂಬುದೂ ತಿಳಿಯಿತು. ಅಂಥ ಹೊತ್ತಿನಲ್ಲಿ ಎದೆಯೊಳಗೆ ಹಿಗ್ಗು ಬಂತು ಎಂದರೆ ನಂಬುವುದು ಕಷ್ಟ, ಆದರೆ ಬಂತು. ಹೆದರಿಕೆ ಹೋಗಿರಲಿಲ್ಲ, ಹೆದರುತ್ತಲೇ ಒನಕೆ ಎತ್ತಿದೆ.

ಸೀಳಿನೊಳಗೆ ಅವನ ಕೈ ಅಗುಳಿಗಾಗಿ ತಡಕಾಡಿತು. ಹೊಡೆದೆ. ಹಸಿ ಕಬ್ಬು ಮುರಿದ ಹಾಗೆ ಸದ್ದಾಯಿತು. ಮತ್ತೆ ಹೊಡೆದೆ. ಆ ಎರಡನೇ ಏಟು ಬೇಕಿರಲಿಲ್ಲ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಹೊರಗೆ ಅವನು ಕಿರುಚುತ್ತಿದ್ದಂತೆ ಎದುರು ಮನೆಯ ಸಾಬರು, ಪಾತ್ರೆಗೆ ಕಲಾಯಿ ಹಾಕುವವರು, ಕಾದ ಇಕ್ಕಳ ಹಿಡಿದೇ ಓಡಿಬಂದು ಅವನ ಬೆನ್ನಿಗೆ ಬಾರಿಸಿದರು. ಮಚ್ಚು ಕೆಳಗೆ ಬಿತ್ತು. ಬಾವಿಯ ಹಗ್ಗ ತಂದು ಅವನನ್ನು ನಮ್ಮ ಜಗಲಿಯ ಕಂಬಕ್ಕೇ ಬಿಗಿದು, ಪೊಲೀಸರಿಗೆ ಹೇಳಿಕಳಿಸಿದರು.

"ತೆಗೀರಿ ಅಮ್ಮಾ. ಶೂರ ಈಗ ಅಲ್ಲಾಡಲ್ಲ."

ಬಾಗಿಲು ತೆರೆದೆ. ಒಳಗೆ ಅತ್ತೆ ಕೀರ್ತನೆ ಮುಗಿಸಿ, ಹಿಟ್ಟು ತಿರುವಿ, ಮುದ್ದೆ ಕಟ್ಟಿ ಹೊರಗೆ ಬಂದರು. ಅವನಿಂದ ನಾಲ್ಕು ಮಾರು ದೂರದಲ್ಲಿ, ಜಗಲಿಯ ಮೇಲೆಯೇ ತಟ್ಟೆಯಿಟ್ಟು ಮಗಳನ್ನು ಕರೆದರು.

"ಬಾ ಮಗಾ, ಉಣ್ಣು. ಅಗೆಯವರ ಕಣ್ಮುಂದೇನೆ ದ್ಯಾವ್ರು ಊಟ ಬಡಿಸ್ತಾನೆ ಅಂತ ಕೀರ್ತನೇಲೇ ಐತಲ್ಲ."

"ಒಳಗೇ ಉಣ್ತೀನಿ ಕಣವ್ವ."

"ಇಲ್ಲೇ."

ನಾದಿನಿ ಹೊರಗೆ ಬಂದು ಕೂತಳು. ಹಲ್ಲಿಲ್ಲದಿದ್ದರೂ ಮುದ್ದೆ ನುಂಗುವುದಕ್ಕೆ ಏನು? ಬಲಗೈಯಲ್ಲಿ ಮುರಿದು, ಹುರುಳಿ ಸಾರಿನಲ್ಲಿ ಅದ್ದಿ, ಮೊದಲು ಹೆದರಿ ಹೆದರಿ, ಆಮೇಲೆ ಹಸಿವಿನಿಂದ ಉಂಡಳು. ಅತ್ತೆ ಅವನ ಬಾಯಿಗೂ ಚೊಂಬು ಹಿಡಿದರು. "ನೀರು ಕುಡೀರಿ ಅಳಿಯಂದ್ರೆ. ಕೂಗಿ ಕೂಗಿ ಗಂಟಲು ಒಣಗಿರ್ತದೆ." ಸಾಬರು ನಗು ತಡೆಯಲಾರದೆ ಆ ಕಡೆ ತಿರುಗಿದರು.

ನೀರು ಕುಡಿದವನು ಅಳತೊಡಗಿದ. "ತಪ್ಪಾಯ್ತು ಅತ್ತೆ. ಇದೊಂದ್ಸಲ ಕಳಿಸ್ಕೊಡಿ. ಇನ್ಮೇಲೆ ಕೈ ಎತ್ತಿದ್ರೆ ಕೇಳಿ."

ಸೇರಿದ್ದ ಜನರಲ್ಲಿ ಯಾರೋ ಒಬ್ಬರು, "ಗಂಡ ಎಂಡ್ತಿ ಜಗಳ ಕಣ್ರಮ್ಮಾ, ಕಳಿಸ್ಬುಡಿ ಅತ್ಲಾಗೆ," ಎಂದರು. ಕೆಲವರು ತಲೆ ಆಡಿಸಿದರು. ಹಿಂದಿನ ಎರಡು ಸಲವೂ ಮಾತು ಇಲ್ಲಿಗೆ ಬಂದೇ ನಾವು ಸೋತಿದ್ದು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಮಗಳ ಮುಖ ನೋಡಿದರು.

ಅವಳು ತುತ್ತು ನುಂಗಿ, ಬೆರಳಿಗಂಟಿದ ಸಾರು ನೆಕ್ಕಿ, ಅವನ ಕಡೆ ನೇರ ನೋಡಿದಳು.

"ನಾ ಓಗಾಕಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅತ್ಗೆ, ಇನ್ನರ್ಧ ಮುದ್ದೆ ಆಕು," ಎಂದಳು.

ನಾನು ಒಳಗೆ ಹೋಗಿ ಇಡೀ ಮುದ್ದೆಯನ್ನೇ ತಂದು ಹಾಕಿದೆ.