ಬೀರಮ್ಮನ ಪಾದದ ಅಳತೆ

ಮೈಸೂರಿನ ಕುಂಬಾರಕೊಪ್ಪಲಿನ ಸುಮಾ ಯಾರ ಮಾತನ್ನೂ ನಂಬಿ ಬಟ್ಟೆಗೆ ಕತ್ತರಿ ಹಾಕಿದವಳಲ್ಲ. ಅಳತೆಗೆಂದು ಹಳೇ ರವಿಕೆ ತಂದುಕೊಟ್ಟರೆ ಅದನ್ನು ಪಕ್ಕಕ್ಕಿಟ್ಟು ಟೇಪು ತೆಗೆಯುತ್ತಾಳೆ. "ರವಿಕೆ ಸುಳ್ಳು ಹೇಳುತ್ತೆ ಕಣಮ್ಮ, ಮೈ ಹೇಳಲ್ಲ" ಎನ್ನುತ್ತಾಳೆ. ಅವಳ ಬಾಯಿಗೆ ಹೆದರುವವರೂ ಹೊಲಿಯಲು ಅವಳಿಗೇ ಕೊಡುತ್ತಾರೆ.

ಇಂಥವಳ ಗಂಡ ಶಿವಪ್ರಕಾಶ್. ಮೈಸೂರಿಗೂ ಮಾದಪ್ಪನ ಬೆಟ್ಟಕ್ಕೂ ಒಂಬತ್ತು ವರ್ಷದಿಂದ ಬಸ್ಸು ಓಡಿಸುತ್ತಿದ್ದ ಡ್ರೈವರು. ಹೆಂಡತಿಯನ್ನು ಮಾತ್ರ ಚಾಮುಂಡಿ ಬೆಟ್ಟದಿಂದಾಚೆಗೆ ಕರೆದೊಯ್ದವನಲ್ಲ. ಅವನು ಈ ಮೇ ತಿಂಗಳಲ್ಲಿ, ನಿವೃತ್ತಿಗೆ ಇಪ್ಪತ್ತು ದಿನವಿರುವಾಗ, ಹೊಸ ಚಪ್ಪಲಿಯ ಡಬ್ಬ ತಂದು ಅವಳ ಮುಂದಿಟ್ಟ.

"ಮೂರು ದಿನ ಸುತ್ತಾಡ್ಕೊಂಡ್ ಬರೋಣ. ಶಿವನಸಮುದ್ರ, ಕೊಳ್ಳೇಗಾಲ, ಹನೂರು, ಆಮೇಲೆ ಬೆಟ್ಟ" ಎಂದ.

"ಏನ್ರೀ ಸಮಾಚಾರ?"

"ಏನಿಲ್ಲಪ್ಪ. ನಾನೇನ್ ತಪ್ಪು ಮಾಡ್ದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಇದು ಎಂದುಕೊಂಡಳು ಸುಮಾ. ತಪ್ಪಿನ ಮಾತು ಎತ್ತಿದವರು ಯಾರು? ಹೊರಡುವ ಬೆಳಿಗ್ಗೆ ಅವನು ಹಿತ್ತಲಲ್ಲಿ ನಿಂತು ಫೋನಿನಲ್ಲಿ, "ಕರ್ಕೊಂಡ್ ಬರ್ತಿದೀನಿ ಬೀರಮ್ಮ, ನೀನೇ ಕಣ್ಣಾರೆ ನೋಡುವಂತೆ" ಎಂದು ಮೆಲ್ಲಗೆ ಹೇಳುವುದೂ ಕಿವಿಗೆ ಬಿತ್ತು. ಅವಳು ಹೊಸ ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿದಳು.

ಶಿವನಸಮುದ್ರದ ಜಲಪಾತ ಬೇಸಿಗೆಗೆ ಸೊರಗಿತ್ತು. ಅವಳು ನೋಡುತ್ತಿದ್ದುದು ಗಂಡನ ಮುಖವನ್ನು. ಕೊಳ್ಳೇಗಾಲದ ಹೋಟೆಲಿನವನು ಇಡ್ಲಿ ತಂದಿಡುತ್ತ, "ಅಕ್ಕಾವ್ರು ಈಗ ಹುಷಾರಾಗವ್ರಾ?" ಎಂದ. ಶಿವಪ್ರಕಾಶ್ ಲೋಟವೆತ್ತಿ ಗಟಗಟ ನೀರು ಕುಡಿದ. ಮಾರನೆಯ ದಿನ ಹನೂರಿನ ಎಳನೀರಿನವನು ಅವಳಿಗೆ ಸ್ಟೂಲು ಹಾಕಿ, "ನಿಂತ್ಕಬೇಡಿ, ಸುಸ್ತಾಯ್ತದೆ" ಎಂದ.

ಜ್ವರಕ್ಕೂ ಮಾತ್ರೆ ನುಂಗದ ಹೆಂಗಸು ಸುಮಾ. ಈಗ ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಹೆಂಡತಿ ರೋಗಿಷ್ಠೆ ಎಂದು ಊರೂರಿಗೆ ಹೇಳಿ ಈ ಮನುಷ್ಯ ಬೆಟ್ಟದಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆ. ನಿವೃತ್ತಿಯಾದ ಮೇಲೆ ಅಲ್ಲೇ ಇರುತ್ತಾನೆ. ಇಪ್ಪತ್ತೆಂಟು ವರ್ಷದ ಸಂಸಾರ ಇಲ್ಲಿಗೆ ಮುಗಿಯಿತು. ಕಾಡು, ತಿರುವು, ಕಣಿವೆ ಎಲ್ಲ ಕಿಟಕಿಯಾಚೆ ಹಾದುಹೋದವು.

ಬೆಟ್ಟದ ಬುಡದಲ್ಲಿ, ಮೆಟ್ಟಿಲು ದಾರಿ ಶುರುವಾಗುವಲ್ಲಿ ಒಂದು ಟೀ ಅಂಗಡಿ. ಒಳಗಿಂದ ಬಂದವಳು ಎಪ್ಪತ್ತರ ಮುದುಕಿ. ಅವಳೇ ಬೀರಮ್ಮ. ಸುಮಾಳ ಕೆನ್ನೆ ಸವರಿ, "ಎದ್ದು ಬಂದ್ಯಾ ನನ್ನವ್ವ" ಎಂದು ಅತ್ತೇಬಿಟ್ಟಳು. ಕಾದ ಕಲ್ಲಿನ ಮೇಲೆ ಅವಳು ಬರಿಗಾಲಲ್ಲಿ ನಿಂತಿದ್ದಳು. ಹಿಮ್ಮಡಿಯ ಬಿರುಕಿನೊಳಗೆ ಮಣ್ಣು ಕೂತಿತ್ತು.

"ಚಪ್ಪಲಿ ಯಾಕವ್ವ ಹಾಕಿಲ್ಲ?"

"ಹರಕೆ ಕಣವ್ವ. ಒಬ್ಳೇ ಮಲಗಿದ್ರೆ ನಿನ್ಗೆ ಫಿಟ್ಸ್ ಬತ್ತದೆ, ಅದ್ಕೇ ಇಲ್ಲಿ ನೈಟ್ ಹಾಲ್ಟ್ ಮಾಡಕಾಗಕಿಲ್ಲ ಅಂತ ನಿನ್ ಗಂಡ ಅಂದ. ನೀನು ನಿನ್ ಕಾಲಲ್ಲಿ ಮಾದಪ್ಪನ ಮೆಟ್ಲು ಹತ್ತೋಗಂಟ ನಾನು ಕೆರ ಮೆಟ್ಟಕಿಲ್ಲ ಅಂತ ಅವತ್ತೇ ಹೇಳ್ಕೊಂಡೆ. ಒಂಬತ್ತು ವರ್ಷ ಆಯ್ತು."

ಮುದುಕಿ ಟೀ ತರಲು ಒಳಗೆ ಹೋದಾಗ ಸುಮಾ ಗಂಡನತ್ತ ತಿರುಗಿದಳು. "ನನಗ್ಯಾವ ಫಿಟ್ಸ್ ರೀ?"

"ಮನೆ ಬಿಟ್ಟು ಮಲಗಿದ್ರೆ ನನಗೆ ನಿದ್ದೆ ಬರಲ್ಲ ಕಣೆ. ಹಾಗಂದ್ರೆ ಡಿಪೋದಲ್ಲಿ ನಗ್ತಿದ್ರು. ಅದಕ್ಕೇ ನಿನಗೆ ಫಿಟ್ಸ್ ಅಂತ ಎಲ್ರಿಗೂ ಹೇಳ್ದೆ."

"ಈ ಕಾಲು ಕಂಡ ಮೇಲಾದ್ರೂ ಹೇಳಬಾರದಿತ್ತಾ?"

"ಧೈರ್ಯ ಬರಲಿಲ್ಲ. ರಿಟೈರ್ ಆಗಿ ಹೋಗ್ಬುಟ್ರೆ ಸಾಯೋತನಕ ಬರಿಗಾಲಲ್ಲೇ ಇರ್ತಾಳೆ ಅಂತ ನಿನ್ನ ಕರ್ಕೊಂಡ್ ಬಂದೆ."

ಇನ್ನೊಬ್ಬಳಿಲ್ಲ ಎಂಬ ಸಮಾಧಾನ ಒಂದು ಗಳಿಗೆ ಇತ್ತು. ಮತ್ತೆ ಆ ಹಿಮ್ಮಡಿ ಕಂಡು ಸುಮಾಳ ಮೈಯೆಲ್ಲ ಉರಿಯಿತು. ನಿಜ ಹೇಳಿದರೆ ಮುದುಕಿಯ ಒಂಬತ್ತು ವರ್ಷ ನೀರಿನಲ್ಲಿ ಹೋಮ ಮಾಡಿದಂತೆ.

"ನಿಮ್ಮ ಹರಕೆಯಿಂದ್ಲೇ ಎದ್ದೆ ಕಣವ್ವ" ಎಂದಳು, ಟೀ ಲೋಟ ತೆಗೆದುಕೊಳ್ಳುತ್ತ. ಆಮೇಲೆ ಹೊಸ ಚಪ್ಪಲಿಯನ್ನು ಅಂಗಡಿಯಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು. ಶಿವಪ್ರಕಾಶ್ ಏದುಸಿರು ಬಿಡುತ್ತ ಹಿಂದಿನಿಂದ ಬಂದ.

ಸಂಜೆ ಇಳಿದು ಬಂದಾಗ ಅವಳ ಅಂಗಾಲಿನಲ್ಲಿ ಬೊಬ್ಬೆಗಳು ಎದ್ದಿದ್ದವು. ಮುದುಕಿಯನ್ನು ಬೆಂಚಿನ ಮೇಲೆ ಕೂರಿಸಿ ತನ್ನ ಹೊಸ ಚಪ್ಪಲಿ ತೊಡಿಸಲು ಹೋದಳು. ಹಿಡಿಯಲಿಲ್ಲ. ಒಂಬತ್ತು ವರ್ಷದಲ್ಲಿ ಆ ಪಾದ ಬೆರಳು ಬೆರಳು ಬೇರೆಯಾಗಿ ಅಗಲವಾಗಿತ್ತು. ಸುಮಾ ಒಂದು ಕ್ಷಣ ಅದರ ಅಳತೆ ನೋಡಿ, ಗಂಡನ ಕಾಲು ನೋಡಿದಳು.

"ನಿಮ್ದು ಬಿಡಿ."

ಅವನ ಚಪ್ಪಲಿ ಸರಿಯಾಗಿ ಕೂತಿತು. ಮುದುಕಿ ಹತ್ತು ಹೆಜ್ಜೆ ನಡೆದು, ಮರೆತ ಅಭ್ಯಾಸವಾದ್ದರಿಂದ ಎಡವಿ, ನಕ್ಕಳು.

"ನಾಳೆ ಮೈಸೂರಲ್ಲಿ ಬೇರೆ ತಗೋತೀನಿ" ಎಂದ ಶಿವಪ್ರಕಾಶ್.

"ಒಂಬತ್ತು ವರ್ಷ ಆಗ್ಲಿ, ತಗೊಳ್ಳುವಿರಂತೆ."

ಮರುದಿನ ಮಧ್ಯಾಹ್ನ ಕುಂಬಾರಕೊಪ್ಪಲಿನ ಕಾದ ಟಾರು ರಸ್ತೆಯಲ್ಲಿ ಅವನು ಬರಿಗಾಲಲ್ಲಿ ಕುಪ್ಪಳಿಸುತ್ತ ಬರುವುದನ್ನು ಪಕ್ಕದ ಮನೆಯ ಪ್ರೇಮಲೀಲಾ ಕಂಡು, "ಏನಣ್ಣ, ಹರಕೆಯಾ?" ಎಂದಳು.

ಅವನು ಹೆಂಡತಿಯ ಮುಖ ನೋಡಿದ.

"ಹೂಂ ಕಣಮ್ಮ" ಎಂದಳು ಸುಮಾ. "ಇವರ ಹೆಂಡ್ತಿಗೆ ಹುಷಾರಿರಲಿಲ್ಲವಂತೆ."