ದೊಡ್ಡಪ್ಪನ ಅಲೆಗೆರೆಯ ಉಕ್ಕು

ದೊಡ್ಡಮ್ಮ ಮನೆಯಲ್ಲಿಲ್ಲದ ದಿನ ದೊಡ್ಡಪ್ಪ ಕುಲುಮೆ ಹೊತ್ತಿಸುತ್ತಿರಲಿಲ್ಲ, ಏಕೆ? ಲೋಹಗಳ ಬಗ್ಗೆ ಸಾಕಷ್ಟು ಓದಿಕೊಂಡ ಮೇಲೂ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂಢನಂಬಿಕೆಯೆಂದು ತಳ್ಳಿಹಾಕೋಣವೆಂದರೆ, ಶಕುನದ ಮಾತೆತ್ತಿದರೇ ನಗುವ ಮನುಷ್ಯ ಅವರು.

ಅವರು ಮಾಡುತ್ತಿದ್ದುದು ಅಡುಗೆಮನೆಯ ಚಾಕುಗಳನ್ನು. ಆದರೆ ಪ್ರಾಚೀನ ಕತ್ತಿಗಳ ಮೈಮೇಲೆ ಕಾಣುವಂಥ ಅಲೆಗೆರೆ ಅವುಗಳ ಮೇಲೆ ಹರಿಯುತ್ತಿತ್ತು. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಕಾಯಿಸಿ, ಬಡಿದು ಬೆಸೆದು, ಮಡಚಿ ಮತ್ತೆ ಬಡಿಯಬೇಕು. ಕಾವು ಸಾಲದಿದ್ದರೆ ಪದರಗಳು ಕೂಡಿಕೊಳ್ಳವು. ಮಿತಿಮೀರಿದರೆ ಉಕ್ಕೇ ಸುಟ್ಟುಹೋಗುತ್ತದೆ. ಕೆಂಪು ದಾಟಿ, ಕಿತ್ತಳೆ ದಾಟಿ, ಹಳದಿಗೆ ತಿರುಗಿದ ಗಳಿಗೆಯಲ್ಲೇ ಹೊರತೆಗೆಯಬೇಕು. ಕೊನೆಗೆ ಆಮ್ಲದಲ್ಲಿ ಅದ್ದಿದಾಗ ಒಂದು ಉಕ್ಕು ಕಪ್ಪಾಗಿ, ಇನ್ನೊಂದು ಬೆಳ್ಳಗೇ ಉಳಿದು, ಗೆರೆಗಳು ಏಳುತ್ತಿದ್ದವು. ಆ ಘಾಟು ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನಾನು ಕುಲುಮೆಯ ಆ ಮಬ್ಬು ಕೋಣೆಯಲ್ಲಿರುತ್ತೇನೆ.

ದೊಡ್ಡಮ್ಮ ಹೊಸ್ತಿಲಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತ ಬೈಯುತ್ತಿದ್ದರು. "ಏನ್ರೀ, ನಿಂತಲ್ಲೇ ನಿದ್ದೆ ಬಂತಾ? ತೆಗೀರಿ." ದೊಡ್ಡಪ್ಪ ತೆಗೆಯುತ್ತಿದ್ದರು. "ಅಷ್ಟೇನು ಅವಸರ, ರೈಲು ತಪ್ಪಿಹೋಗುತ್ತಾ?" ಎಂದು ದೊಡ್ಡಮ್ಮ ಅಂದರೆ ಮತ್ತೆ ಒಳಗಿಡುತ್ತಿದ್ದರು. ಆ ಕುಲುಮೆಯಲ್ಲಿರುವ ಎರಡು ಸುತ್ತಿಗೆಗಳಲ್ಲಿ ಒಂದಕ್ಕೆ ಬಾಯಿಯಿದೆ ಎಂದು ಬೀದಿಯವರು ನಗುತ್ತಿದ್ದರು.

ಒಮ್ಮೆ ದೊಡ್ಡ ಕಾರ್ಖಾನೆಯೊಂದರ ಮಾಲೀಕರು ಮನೆಗೇ ಬಂದರು. ಅಲಂಕಾರದ ಉಕ್ಕಿಗೆಂದು ಹೊಸ ವಿಭಾಗ ತೆರೆಯುತ್ತಿದ್ದರು. ದೊಡ್ಡಪ್ಪನೇ ಅದರ ಮೇಸ್ತ್ರಿಯಾಗಬೇಕು, ಪ್ರತಿ ಚಾಕುವಿನ ಮೇಲೂ ಅವರದೇ ಮುದ್ರೆ. ತಮ್ಮದೊಂದು ಮುದ್ರೆ ಊರೂರಿಗೆ ಹೋಗಬೇಕೆಂಬುದು ದೊಡ್ಡಪ್ಪನ ಜೀವಮಾನದ ಆಸೆ. ಅವರು ಕೇಳಿಕೊಂಡದ್ದು ಒಂದೇ: ಕುಲುಮೆಯ ಪಕ್ಕ ಹೆಂಡತಿಗೊಂದು ಸ್ಟೂಲು. ಮಾಲೀಕರು ಮೊದಲು ನಕ್ಕರು. ತಮಾಷೆಯಲ್ಲವೆಂದು ತಿಳಿದಾಗ, ಹೊರಗಿನವರನ್ನು ಬೆಂಕಿಯ ಹತ್ತಿರ ಬಿಡುವ ಪದ್ಧತಿಯಿಲ್ಲ ಎಂದರು.

"ಅವಳ ಬೈಗುಳ ಕಿವಿಗೆ ಬೀಳದೆ ನನ್ನ ಕೈ ಆಡೋದಿಲ್ಲ, ಸ್ವಾಮಿ," ಎಂದರು ದೊಡ್ಡಪ್ಪ.

ಮಾಲೀಕರು ಹೋದ ಮೇಲೆ ಅಪ್ಪ ಸಿಡುಕಿದರು: "ಹೆಂಡತಿ ಸೆರಗು ಹಿಡ್ಕೊಂಡು, ಬಂದ ಅದೃಷ್ಟಾನ ಒದ್ದೆಯಲ್ಲಣ್ಣ." ಎಲ್ಲದಕ್ಕೂ ನಾಲಗೆಯ ತುದಿಯಲ್ಲೇ ಉತ್ತರವಿರುತ್ತಿದ್ದ ದೊಡ್ಡಮ್ಮನೂ ಅಂದು ತುಟಿ ಬಿಚ್ಚಲಿಲ್ಲ. ಆ ಜಾಗ ಬೇರೊಬ್ಬರಿಗೆ ಹೋಯಿತು. ಮುದ್ರೆಯಿಲ್ಲದ ಚಾಕುಗಳನ್ನೇ ಮಾಡುತ್ತ ದೊಡ್ಡಪ್ಪ ಮುದುಕರಾದರು, ತೀರಿಹೋದರು.

ಆಮೇಲೆ ಒಂದು ದಿನ, ಅವರು ಆ ಕಾರ್ಖಾನೆಯ ಕೆಲಸವನ್ನೇಕೆ ಬೇಡವೆಂದರೆಂದು ದೊಡ್ಡಮ್ಮನನ್ನು ನೇರವಾಗಿಯೇ ಕೇಳಿದೆ. ಇನ್ನು ಹೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲವೆಂದು ತಮಗೆ ತಾವೇ ಸಮಾಧಾನ ಹೇಳಿಕೊಂಡವರಂತೆ ಕೈಲಿದ್ದ ಹೊಲಿಗೆಯನ್ನು ಪಕ್ಕಕ್ಕಿಟ್ಟರು.

"ಹುಟ್ಟಿದಾಗಿನಿಂದ ಅವರಿಗೆ ಬಣ್ಣ ತಿಳೀತಿರಲಿಲ್ಲ ಕಣೋ. ಕೆಂಪು, ಕಿತ್ತಳೆ, ಹಳದಿ ಎಲ್ಲಾ ಒಂದೇ ಥರ. ನಾನು ನೋಡಿ ಹೇಳ್ತಿದ್ದೆ. ಸುಮ್ಮನೆ ಹೇಳಿದ್ರೆ ಜನಕ್ಕೆ ಗೊತ್ತಾಗಿಬಿಡುತ್ತಲ್ಲ, ಅದಕ್ಕೇ ಬೈತಿದ್ದೆ."